ಹತ್ತು ದಿನ ರೊಟ್ಟಿ ಬಡಿಯದ ಕೈ

ನಮ್ಮ ಯಜಮಾನರಿಗೆ ಜನರ ಮುಖ ನೆನಪಿರುವುದಿಲ್ಲ, ಬೆರಳು ನೆನಪಿರುತ್ತವೆ. ಮದುವೆಮನೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಅವರ ಹೆಬ್ಬೆರಳು ನೋಡುತ್ತಾರೆ. ಹೆಸರು ಪ್ರಲ್ಹಾದ, ಊರು ಧಾರವಾಡ, ನೆಲೆಸಿದ್ದು ಮರಾಠಿ ಸೀಮೆಯಲ್ಲಿ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತೆಗೆದು, ನಿವೃತ್ತರಾದ ಮೇಲೂ ಶಿವಾಜಿನಗರದ ಸಣ್ಣ ಅಂಗಡಿಯೊಂದರಲ್ಲಿ ಅದನ್ನೇ ಮಾಡುತ್ತಿದ್ದಾರೆ. ಪರದೇಶದ ಪೊಲೀಸರಿಂದ ‘ಇವರ ಮೇಲೆ ಕೇಸಿಲ್ಲ’ ಎಂಬ ಕಾಗದ ಬೇಕಾದವರು ಅಲ್ಲಿಗೆ ಬರುತ್ತಾರೆ. ಆ ಪೊಲೀಸರಿಗೆ ಕಳಿಸಲು ತಾವು ತೆಗೆದ ಬೆರಳಚ್ಚಿನ ಕಾರ್ಡು ಒಂದೂ ತಿರುಗಿ ಬಂದಿಲ್ಲ ಎಂಬ ಜಂಬ ಇವರದು. ಮನೆಯ ಪ್ರತಿ ಟವೆಲ್ಲಿಗೂ ಶಾಯಿ ಹತ್ತಿಸಿದ್ದು ಬೇರೆ ಮಾತು.

ಚನ್ನಬಸವ್ವ ಬಂದದ್ದು ಕಳೆದ ಶ್ರಾವಣದಲ್ಲಿ. ಪಕ್ಕದ ಖಡಕಿಯಲ್ಲಿ ಮನೆಮನೆಗೆ ಜೋಳದ ರೊಟ್ಟಿ ಮಾಡಿಕೊಡುವ ಹೆಂಗಸು, ಬೈಲಹೊಂಗಲದ ಕಡೆಯವಳು. ಹಿಂದೆ ಒಂದು ಕುಟುಂಬದ ಕೂಸು ನೋಡಿಕೊಳ್ಳಲು ಎರಡು ವರ್ಷ ಪರದೇಶದಲ್ಲಿದ್ದಳು. ಈಗ ಇಲ್ಲೇ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯ ಕೆಲಸ ಸಿಗುವುದಿತ್ತು, ಇರಲು ಕೋಣೆ ಸಹಿತ. ಆದರೆ ಮಕ್ಕಳಿರುವ ಜಾಗ; ಆ ದೇಶದ ಪೊಲೀಸರ ಕಾಗದ ತಂದರಷ್ಟೇ ಕೆಲಸ. ಬೇರೆಲ್ಲೋ ತೆಗೆಸಿದ ಕಾರ್ಡು ಎರಡು ಸಲ ‘ಗೆರೆ ಕಾಣುವುದಿಲ್ಲ’ ಎಂದು ಮರಳಿತ್ತು. ದೀಪಾವಳಿಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು ಹಾಸ್ಟೆಲ್ಲಿನವರು.

ಅಂದು ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಇವರು ಕನ್ನಡಕ ಏರಿಸಿ ಅವಳ ಬೆರಳು ನೋಡಿದರು. ಸವೆದ ನಾಣ್ಯದಂತೆ ನುಣ್ಣಗಿದ್ದವು.

“ಬರೂ ಮೊದಲ ಕೈಗೆ ಏನ ಮಾಡಿದ್ರಿ?”

“ಸರಕಾರಿ ಕೆಲಸ ಅಲ್ರಿ ಸಾಹೇಬ್ರ, ಹೊಲಸ ಕೈಲೆ ಹೆಂಗ ಬರೂದು? ಬೂದಿ ಹಚ್ಚಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ ಬಂದೀನ್ರಿ. ಹಿಂದ ಎರಡೂ ಸಲ ಹಂಗ ಮಾಡಿದ್ದೆ.”

ಇವರು ಹಣೆ ಚಚ್ಚಿಕೊಂಡರು. “ಇದ್ದ ನಾಕ ಗೆರಿನೂ ತಿಕ್ಕಿ ತಗದೀರಿ! ಹತ್ತ ದಿನ ರೊಟ್ಟಿ ಬಡಿಬ್ಯಾಡ್ರಿ, ಭಾಂಡೆ ತಿಕ್ಕಬ್ಯಾಡ್ರಿ. ಕೊಬ್ಬರಿ ಎಣ್ಣಿ ಹಚ್ಚ್ರಿ. ಗೆರಿ ಮ್ಯಾಲ ಬರ್ತಾವ.”

“ರೊಟ್ಟಿ ಬಿಟ್ರ ಗಿರಾಕಿ ನನ್ನ ಬಿಡ್ತಾರ್ರಿ.”

“ಅದಕ್ಯಾಕ ಚಿಂತಿ? ನಮ್ಮ ನೀರಜಾ ಮಾಡ್ತಾಳ.”

ನನ್ನನ್ನು ಒಂದು ಮಾತು ಕೇಳಲಿಲ್ಲ! ಮಾತು ಕೊಟ್ಟವರು ಅವರು, ಬಡಿಯುವವಳು ನಾನು. ಸಿಟ್ಟು ನೆತ್ತಿಗೇರಿತು. ಆದರೆ ಚನ್ನಬಸವ್ವನ ಮುಖ ನೋಡಿ ಒಪ್ಪಿಕೊಂಡೆ. ಹತ್ತು ದಿನ, ದಿನಕ್ಕೆ ನಲವತ್ತು ರೊಟ್ಟಿ. ಅವಳು ಪಕ್ಕದಲ್ಲೇ ಕೈಕಟ್ಟಿ ಕೂತು, “ಅಕ್ಕಾರ, ಅಂಚು ದಪ್ಪ ಆತು” ಎನ್ನುತ್ತಿದ್ದಳು. ಹಿಟ್ಟಿನ ಉಂಡೆ ಎಸೆಯಬೇಕೆನಿಸುತ್ತಿತ್ತು. ಒಂದು ದಿನ ಮಾತ್ರ ಎಣ್ಣೆ ಹಚ್ಚಿದ ತನ್ನ ಅಂಗೈಗಳನ್ನೇ ನೋಡುತ್ತ, “ಬಾಣಂತನದಾಗೂ ಇವು ಇಷ್ಟ ದಿನ ಖಾಲಿ ಇದ್ದಿಲ್ರಿ” ಎಂದಳು. ನನಗೆ ಅಳು ಬಂತು.

ಹನ್ನೊಂದನೆಯ ದಿನ ಇವರು ಸ್ಪಿರಿಟಿನಿಂದ ಅವಳ ಬೆರಳು ಒರೆಸಿ ಒಣಗಿಸಿದರು. ಗಾಜಿನ ಮೇಲೆ ಶಾಯಿಯನ್ನು ರೋಲರಿನಿಂದ ತೆಳ್ಳಗೆ ಹರಡಿದರು. ಸವೆದ ಬೆರಳಿಗೆ ಶಾಯಿ ಹೆಚ್ಚಾದರೆ ಗೆರೆಗಳ ನಡುವಿನ ಸಂದೂ ತುಂಬಿಬಿಡುತ್ತದೆ. ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಹೊರಳಿಸಬೇಕು. ಅವಳೋ, ಕಾರ್ಡು ತಾಗಿದೊಡನೆ ರೊಟ್ಟಿ ತಟ್ಟಿದ ಹಾಗೆ ಒತ್ತಿಬಿಟ್ಟಳು. ಆ ಕಾರ್ಡು ಕೆಟ್ಟಿತು.

“ನೀವ ಸಹಾಯ ಮಾಡಬ್ಯಾಡ್ರಿ. ಈ ಕೈ ಈಗ ನಿಮ್ಮದಲ್ಲ, ನಂದು ಅಂತ ತಿಳೀರಿ. ಹೊರಗ ನೋಡ್ರಿ.”

ಅವಳು ಹೊರಗೆ ಹೋಗುವ ಬಸ್ಸುಗಳನ್ನು ನೋಡುತ್ತ ನಿಂತಳು. ಹೊಸ ಕಾರ್ಡಿನಲ್ಲಿ ಹತ್ತೂ ಬೆರಳು ಗೆರೆ ಗೆರೆಯಾಗಿ ಮೂಡಿದವು.

ದೀಪಾವಳಿಗೆ ಎಂಟು ದಿನವಿರುವಾಗ ಪೊಲೀಸರ ಕಾಗದ ಬಂತು. ಚನ್ನಬಸವ್ವ ಬಿಸಿ ರೊಟ್ಟಿಯ ಗಂಟು ಹಿಡಿದು ನಮ್ಮ ಮನೆಗೇ ಬಂದಳು. ನಮ್ಮವರು ರೊಟ್ಟಿ ನೋಡಲಿಲ್ಲ, ಅವಳ ಬೆರಳು ನೋಡಿ ಕೂಗಾಡಿದರು.

“ಮತ್ತ ಸವಿಸೀರೇನು! ಎಷ್ಟ ಕಷ್ಟಪಟ್ಟು ಗೆರಿ ತಂದಿದ್ದೆ!”

ಅವಳು ಗಂಟು ನನ್ನ ಕೈಗೆ ಕೊಟ್ಟಳು.

“ಕೆಲಸ ಆತಲ್ರಿ ಸಾಹೇಬ್ರ. ಇನ್ನ ಈ ಕೈ ನಂದು.”