ಒಳಗಿನ ಚಿಲಕ

ಕಾಲೇಜಿನ ದಿನಗಳಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಬಹುಮಾನ. ಕೊಟ್ಟ ಐದೇ ನಿಮಿಷಕ್ಕೆ ಕೊಟ್ಟವರಿಗೆ ಯಾಕಾದರೂ ಕೊಟ್ಟೆವೋ ಅನ್ನಿಸಿತು. ಹಾಗನ್ನಿಸಿದ್ದು ನನಗೆ ಇವತ್ತಿಗೂ ಖುಷಿಯೇ.

ಎರಡು ಸಾವಿರದ ಹತ್ತರ ಆಸುಪಾಸು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ನಾನು ಸಮಾಜಕಾರ್ಯದಲ್ಲಿ ಎಂ.ಎ. ಮಾಡುತ್ತಿದ್ದೆ. ಕಟ್ಟಡ ಕಾರ್ಮಿಕರ ಮಾನಸಿಕ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆಂದು ಬಿಲ್ಡರುಗಳ ಸಂಘವೊಂದು ಆ ವರ್ಷ ಬಹುಮಾನ ಇಟ್ಟಿತ್ತು. ನಾನು ಠಾಣೆಯ ಘೋಡಬಂದರ್ ರಸ್ತೆಯ ಒಂದು ಸೈಟಿಗೆ ಹೋಗತೊಡಗಿದೆ. ಕಟ್ಟುತ್ತಿದ್ದ ಟವರಿನ ಹಿಂದೆ ಸಾಲು ತಗಡಿನ ಖೋಲಿಗಳು, ಅವುಗಳಲ್ಲಿ ಬಿಜಾಪುರದ ಕಡೆಯ ಜನ. ನಾನು ಮನೆಯಲ್ಲಿ ಕಲಿತ ಕುಂದಾಪುರದ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಕ್ಕರೂ ಮಾತಾಡಿದರು, ಅಷ್ಟು ಸಾಕಿತ್ತು.

ಕಾಲೇಜಿನವರು ಕೊಟ್ಟ ಪ್ರಶ್ನೆಗಳು ದೇವರಿಗೇ ಪ್ರೀತಿ. ಭವಿಷ್ಯದ ಬಗ್ಗೆ ಭರವಸೆ ಕಳೆದುಕೊಂಡಿದ್ದೀರಾ? ಸದಾ, ಕೆಲವೊಮ್ಮೆ, ಎಂದೂ ಇಲ್ಲ. ಇಟ್ಟಿಗೆ ಹೊತ್ತು ಬಂದು ಕೂತವರನ್ನು ಹೀಗೆ ಕೇಳುವುದಕ್ಕೇ ನನಗೆ ನಾಚಿಕೆಯಾಗುತ್ತಿತ್ತು. ಒಬ್ಬ ಹೆಂಗಸು ನನ್ನ ಕಷ್ಟ ನೋಡಲಾರದೆ ತಾನೇ ಶುರುಮಾಡಿದಳು.

"ನನ್ನ ತಲಿಗೇನೂ ಆಗಿಲ್ರಿ ಅಕ್ಕಾರ. ನಿದ್ದಿ ಒಂದ್ ಇಲ್ಲ."

"ಯಾಕಕ್ಕ?"

"ಬಾಗಲಾ ನೋಡ್ರಿ."

ನೋಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಯಾವ ಖೋಲಿಗೂ ಇರಲಿಲ್ಲ. ಕೂಲಿಯಾಳುಗಳನ್ನು ನೋಡಿಕೊಳ್ಳುವ ಮುಕಾದಮನ ನಿಯಮವಂತೆ ಅದು. ಕಾಂಕ್ರೀಟಿನ ಗಾಡಿ ಯಾವ ಹೊತ್ತಿಗೂ ಬರಬಹುದು, ಬಂದಾಗ ಜನರನ್ನು ಎಬ್ಬಿಸಲು ಬಾಗಿಲು ತಳ್ಳಿದರೆ ತೆರೆದುಕೊಳ್ಳಬೇಕು. ಆದರೆ ತಳ್ಳುವವನು ಮುಕಾದಮನೊಬ್ಬನೇ ಅಲ್ಲವಲ್ಲ! ಕುಡಿದವರೂ ತಳ್ಳುತ್ತಿದ್ದರು. ಆಕೆಯ ಗಂಡ ನವಿ ಮುಂಬಯಿಯ ಇನ್ನೊಂದು ಸೈಟಿನಲ್ಲಿದ್ದ, ಬರುವುದು ರಜೆಯ ದಿನ ಮಾತ್ರ. ಮಗಳು ಆಗಷ್ಟೇ ದೊಡ್ಡವಳಾಗಿದ್ದಳು. ಮಗಳನ್ನು ಮೂಲೆಯಲ್ಲಿ ಮಲಗಿಸಿ ಈಕೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ರಾತ್ರಿ ಕಳೆಯುತ್ತಿದ್ದಳು. ಬೆಳಗಾದರೆ ತಲೆಯ ಮೇಲೆ ಗಾರೆಯ ಬುಟ್ಟಿ.

ನನಗೆ ಮೈಯೆಲ್ಲ ಉರಿಯಿತು. ಇದಕ್ಕೆ ಯಾವ ಮನಶ್ಶಾಸ್ತ್ರ ಬೇಕು? ವರದಿಯ ಕೊನೆಯ ಪುಟದಲ್ಲಿ ಒಂದೇ ಶಿಫಾರಸು ಬರೆದೆ: ಪ್ರತಿ ಖೋಲಿಗೂ ಒಳಗಿನಿಂದ ಚಿಲಕ ಹಾಕಿಸಿ.

ಬಹುಮಾನ ನನಗೇ ಬಂತು. ಜೊತೆಗೆ ನನ್ನ ಗೈಡ್ ಮೇಡಮ್ ಅವರ ಕರೆಯೂ ಬಂತು. ತೀರ್ಪುಗಾರರಿಗೆ ಆ ಕೊನೆಯ ಪುಟ ಹಿಡಿಸಿಲ್ಲ, ಚಿಲಕವೆಲ್ಲ ಹಾರ್ಡ್‌ವೇರ್ ಅಂಗಡಿಯ ವಿಷಯ, ಅದರ ಬದಲು ತಿಂಗಳಿಗೊಂದು ಯೋಗ ಶಿಬಿರ ಅಂತ ಹಾಕೋಣ ಎಂದರು. ನಾನು ಆಗುವುದಿಲ್ಲ ಎಂದೆ. ಸರಿ, ನಾನೇ ತೆಗೆಸುತ್ತೇನೆ ಎಂದು ಅವರು ಫೋನಿಟ್ಟರು.

ಅಪ್ಪ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಜಗಳ ಎಂದರೆ ಮಾರು ದೂರ.

"ಒಂದು ಪುಟ ಹೋದ್ರೆ ಎಂತ ಆಗ್ತದೆ ಮಗಾ? ಬಹುಮಾನ ತಕೊಂಡು ಸುಮ್ಮನೆ ಬಾ" ಎಂದರು.

ಬಾಗಿಲಿನ ಕಥೆ ಪೂರ್ತಿ ಹೇಳಿದೆ. ಅಪ್ಪ ಚಾ ಲೋಟ ಕೆಳಗಿಟ್ಟರು. "ಹೋಟೆಲಿಗೆ ಸೇರಿದ ಹೊಸತರಲ್ಲಿ ನಮ್ಮನ್ನು ಒಳಗೆ ಮಲಗಿಸಿ ಹೊರಗಿನಿಂದ ಶಟರ್ ಎಳೆದು ಬೀಗ ಹಾಕ್ತಿದ್ರು. ಬೆಂಕಿ ಬಿದ್ರೆ ಎಂತ ಮಾಡುದು ಅಂತ ನಿದ್ರೆಯೇ ಬರ್ತಿರಲಿಲ್ಲ" ಎಂದರು. ಮತ್ತೆ ಲೋಟ ಎತ್ತಿಕೊಂಡು, "ನಿಂಗೆ ಸರಿ ಕಂಡದ್ದು ಮಾಡು" ಎಂದು ಎದ್ದು ಹೋದರು.

ಬಹುಮಾನ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಠಾಣೆಯ ಸಭಾಂಗಣದಲ್ಲಿ ಶಾಲು ಹೊದಿಸಿಕೊಂಡೆ, ಫಲಕ ಹಿಡಿದು ಫೋಟೋಕ್ಕೆ ನಿಂತೆ. ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. "ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಒಂದು ಪುಟ ಇಲ್ಲ. ಅದನ್ನು ಬಾಯಲ್ಲೇ ಹೇಳುತ್ತೇನೆ" ಎಂದು ಹಿಂದಿಯಲ್ಲಿ ಶುರುಮಾಡಿ ಎಲ್ಲ ಹೇಳಿದೆ. ಮೇಡಮ್ ನೆಲ ನೋಡುತ್ತಿದ್ದರು. ವೇದಿಕೆಯ ನಡುವೆ ಕೂತಿದ್ದ ಬಿಲ್ಡರು ನಗುನಗುತ್ತಲೇ ಕೇಳಿದರು, "ಯಾವ ಸೈಟು ಅಂತ ಹೇಳಿಬಿಡಿ, ನಾಳೆಯೇ ಸರಿಮಾಡಿಸೋಣ."

ಆ ನಗುವಿನ ಅರ್ಥ ತಿಳಿಯದಷ್ಟು ಪೆದ್ದಿಯಲ್ಲ ನಾನು. ಸೈಟಿನ ಹೆಸರನ್ನು ವರದಿಯಲ್ಲೂ ಹಾಕಿರಲಿಲ್ಲ. ಹೇಳಿದ್ದರೆ ಮರುದಿನ ಆಕೆ ಮಗಳ ಕೈಹಿಡಿದು ರಸ್ತೆಯಲ್ಲಿರುತ್ತಿದ್ದಳು.

"ನಿಮ್ಮ ಯಾವ ಸೈಟಿಗಾದರೂ ಹೋಗಿ ಸರ್. ಖೋಲಿಯ ಬಾಗಿಲು ತಳ್ಳಿ. ತೆರೆದುಕೊಂಡರೆ ಅದೇ ಸೈಟು."

ಸಭಿಕರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಇನ್ನೂ ಕೆಲವರು. ಮರುದಿನ ಮರಾಠಿ ಪತ್ರಿಕೆಯೊಂದರ ಒಳಪುಟದಲ್ಲಿ ಆ ಮಾತು ಅಚ್ಚಾಯಿತು. ಪತ್ರಿಕೆಯವರು ಬಾಗಿಲು ತಳ್ಳಿ ನೋಡಲು ಬರುತ್ತಾರಂತೆ ಎಂಬ ಸುದ್ದಿ ಸೈಟಿನಿಂದ ಸೈಟಿಗೆ ಹಬ್ಬಿತು. ಯಾರೂ ಬರಲಿಲ್ಲ, ಸುದ್ದಿಯೇ ಸಾಕಾಯಿತು. ಆ ಗಡಿಬಿಡಿಯಲ್ಲಿ ಎಷ್ಟು ಸೈಟುಗಳಿಗೆ ಚಿಲಕ ಬಂತೋ ನನಗೆ ಗೊತ್ತಿಲ್ಲ. ನಾನು ಮಾತಾಡಿಸಿದ್ದ ಹೆಂಗಸರ ಖೋಲಿಗಳಿಗೆ ಬಂತು. ಮೇಡಮ್ ಮಾತ್ರ ವರ್ಷ ಮುಗಿಯುವ ತನಕ ನನ್ನ ಮುಖ ನೋಡಿ ಮಾತಾಡಲಿಲ್ಲ, ನಾನೂ ಹೋಗಿ ಮಾತಾಡಿಸಲಿಲ್ಲ.

ಒಂದು ರಜೆಯ ದಿನ ಮಧ್ಯಾಹ್ನ ಅಲ್ಲಿಗೆ ಹೋದೆ. ಆಕೆಯ ಬಾಗಿಲು ಮುಚ್ಚಿತ್ತು. ಕರೆಯುವುದೋ ಬೇಡವೋ ಎಂದು ನಿಂತಿರುವಾಗಲೇ ಮುಕಾದಮ ಬಂದು, ಎಂದಿನಂತೆ ಅಂಗೈಯಿಂದ ಬಾಗಿಲು ತಳ್ಳಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದ.

"ಯಾರು?" ಒಳಗಿನಿಂದ ಆಕೆಯ ದನಿ.

"ನಾ."

"ನಾ ಅಂದ್ರ ಯಾರು?"

ಮುಕಾದಮ ನನ್ನ ಮುಖ ನೋಡಿದ. ನಾನೂ ನೋಡಿದೆ. ಕೊನೆಗೆ ಅವನು ಬಾಗಿಲಿಗೆ ಮುಖ ಕೊಟ್ಟು ತನ್ನ ಹೆಸರು ಹೇಳಿದ.

"ನಿದ್ದಿ ಮಾಡಾಕತ್ತೀವ್ರಿ. ಆಮ್ಯಾಲ ಬರ್ರಿ."