ಬ್ಯಾಂಡ್ ಮೇಷ್ಟ್ರು ಚಾಚಿದ ಟ್ರಂಪೆಟ್

ಬ್ಯಾಂಡ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಗೆಣ್ಣಿನ ಪಕ್ಕ ಹುಣಸೇಬೀಜದಷ್ಟು ದೊಡ್ಡ ಜಡ್ಡು ಇತ್ತು. ಕ್ಲಾರಿನೆಟ್ಟಿನ ಭಾರವೆಲ್ಲ ಆ ಒಂದು ಬೆರಳಿನ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಕೂತು ಕೂತು ಅಲ್ಲಿನ ಚರ್ಮ ಕಪ್ಪಾಗಿ, ಗಟ್ಟಿಯಾಗಿ ಹೊಳೆಯುತ್ತಿತ್ತು. ಉಳಿದ ಬೆರಳುಗಳ ಕಥೆಯೇ ಬೇರೆ. ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದವರು. ದಿನವಿಡೀ ಬಿಸಿನೀರಿನಲ್ಲಿ ಗೂಡುಗಳ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬೆಳ್ಳಗೆ, ಸುಕ್ಕುಸುಕ್ಕಾಗಿ ಇರುತ್ತಿದ್ದವು. ಎಷ್ಟು ಸೋಪು ಹಾಕಿದರೂ ಹುಳದ ವಾಸನೆ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದರು. ಬಲಗೈಯನ್ನು ಏನು ಮಾಡುವುದು, ಉಣ್ಣಬೇಕಲ್ಲ.

ಆ ಬಲಗೈ ಒಂದು ಸಲ ನನ್ನ ಕಡೆಗೆ ಚಾಚಿತ್ತು.

ನಮ್ಮ ಕೇರಿಯ ಬ್ಯಾಂಡ್‌ಸೆಟ್ಟಿನಲ್ಲಿ ಎಂಟು ಜನ ಇದ್ದೆವು. ಮೇಷ್ಟ್ರದು ಕ್ಲಾರಿನೆಟ್ಟು, ನನ್ನದು ಎರಡನೇ ಟ್ರಂಪೆಟ್ಟು. ಎರಡನೇ ಟ್ರಂಪೆಟ್ಟಿನವನು ಎಂದರೆ ಮೊದಲನೆಯವನು ಉಸಿರು ತೆಗೆದುಕೊಳ್ಳುವಾಗ ಮಾತ್ರ ಕೇಳಿಸುವವನು. ನನ್ನ ಸ್ವಭಾವಕ್ಕೆ ಅದು ಸರಿಯಾಗಿಯೇ ಇತ್ತು. ನಾನು ಹುಟ್ಟು ಪುಕ್ಕಲ. ಮೆರವಣಿಗೆಯಲ್ಲಿ ಪಟಾಕಿ ಸಿಡಿದರೆ ಮದುಮಗನಿಗಿಂತ ಮೊದಲು ನಾನು ಬೆಚ್ಚುತ್ತಿದ್ದೆ.

ಮೆರವಣಿಗೆಗೆ ಅರ್ಧ ಗಂಟೆ ಇರುವಾಗಲೇ ಮೇಷ್ಟ್ರು ಕ್ಲಾರಿನೆಟ್ಟಿನ ರೀಡನ್ನು ಬಾಯಲ್ಲಿ ಇಟ್ಟುಕೊಂಡು ನೆನೆಸುತ್ತಿದ್ದರು. ಜೊಂಡಿನ ಆ ಸಣ್ಣ ಪಟ್ಟಿ ಬಾಯಿಗೆ ಹೋಯಿತು ಎಂದರೆ ಮಾತು ಬಂದ್. ಮದುವೆ ಯಜಮಾನರು ಬಂದು ಏನು ಕೇಳಿದರೂ ಹುಬ್ಬಿನಲ್ಲೇ ಉತ್ತರ. ಆದರೆ ನಮ್ಮಲ್ಲಿ ಯಾರಾದರೂ ತಾಳ ತಪ್ಪಿದರೆ ಮಾತ್ರ ಆ ಬಾಯಿಗೆ ತೆಲುಗು ಬರುತ್ತಿತ್ತು. “ಊಪಿರಿ ಏಡ ಪೆಟ್ಟಿನಾವು ರಾ?” ಎನ್ನುತ್ತಿದ್ದರು, ಉಸಿರು ಎಲ್ಲಿ ಇಟ್ಟು ಬಂದೆಯೋ ಎಂದು. ಬೈಯುವುದಕ್ಕೆ ತೆಲುಗು, ಕಲಿಸುವುದಕ್ಕೆ ಕನ್ನಡ.

ಬೇರೆಲ್ಲೂ ಇಲ್ಲದ ಒಂದು ಪದ್ಧತಿ ನಮ್ಮ ಸೆಟ್ಟಿನಲ್ಲಿ ಇದೆ. ನಮ್ಮವನೊಬ್ಬ ತೀರಿಹೋದರೆ ಮಣ್ಣಿಗೆ ಹೋಗುವಾಗ ಸಾಲಿನಲ್ಲಿ ಅವನ ಜಾಗವನ್ನು ಖಾಲಿ ಬಿಟ್ಟು ಬಾರಿಸುತ್ತೇವೆ. ಅವನ ವಾದ್ಯ ಅವನ ಪಕ್ಕದಲ್ಲೇ ಚಟ್ಟದ ಮೇಲೆ ಬರುತ್ತದೆ. ಎಲ್ಲರೂ ಮಣ್ಣು ಹಾಕಿದ ಮೇಲೆ ಮೇಷ್ಟ್ರು ಆ ವಾದ್ಯವನ್ನು ಎತ್ತಿಕೊಂಡು, ಟವೆಲಿನ ತುದಿಯಿಂದ ಅದರ ಬಾಯಿ ಒರೆಸಿ, ಮುಂದೆ ಅದನ್ನು ನುಡಿಸಬೇಕಾದವನ ಕಡೆಗೆ ಚಾಚುತ್ತಾರೆ. ತೆಗೆದುಕೊಂಡವನು ಅಲ್ಲಿಂದಲೇ ನುಡಿಸುತ್ತ ಊರಿಗೆ ಬರಬೇಕು. ಉಳಿದವರ ಮನೆಯ ಸಾವಿನಲ್ಲಿ ಎಲ್ಲರೂ ಮೌನವಾಗಿ ಮರಳುತ್ತಾರೆ. ನಮ್ಮ ಸಾವಿನಲ್ಲಿ ಮರಳುವಾಗಲೂ ಬಾಜಾ ಇರುತ್ತದೆ. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ.

“ಸುಮ್ನೆ ಮನೆಗೆ ತಗೊಂಡೋದ್ರೆ ಹೆಂಡ್ತಿ ಮಕ್ಳು ಅಟ್ಟದ ಮೇಲೆ ಇಡ್ತಾರೆ ಕಣಪ್ಪ. ನೋಡೋಕೆ ಆಗಲ್ಲ ಅಂತಾರೆ. ನಾಲ್ಕು ವರ್ಷ ಆದ್ಮೇಲೆ ಗುಜರಿಯವನು ಬರ್ತಾನೆ. ಆಮೇಲೆ ಸೆಟ್ಟು ಎಲ್ಲಿರುತ್ತೆ?” ಎಂದಿದ್ದರು.

ಮೊದಲನೇ ಟ್ರಂಪೆಟ್ಟು ಬೆಳ್ಳಿ ಬಣ್ಣದ್ದು. ಅದರ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ಊದುತ್ತಿದ್ದ ಹಿರಿಯರು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವೂ ನಿದ್ದೆ ಮಾಡುತ್ತಿದ್ದರು. ಅವರು ವಯಸ್ಸಾಗಿ ತೀರಿಕೊಂಡಾಗ ಅವರ ತಮ್ಮ ಮುಂದೆ ಬಂದು ತೆಗೆದುಕೊಂಡರು. ವೀಳ್ಯದೆಲೆ ಇಲ್ಲದೆ ಒಂದು ಸ್ವರವನ್ನೂ ಊದದ ಮನುಷ್ಯ. ವರ್ಷ ತುಂಬುವುದರೊಳಗೆ ಒಂದು ಬೆಳಗ್ಗೆ ಹಲ್ಲುಜ್ಜುತ್ತ ಎದೆ ಹಿಡಿದುಕೊಂಡು ಕುಸಿದರು. ಆಮೇಲೆ ಅದು ಅವರ ಅಳಿಯನ ಕೈಗೆ ಬಂತು. ಅವನು ನನಗಿಂತ ಚಿಕ್ಕವನು, ಬಲು ತಮಾಷೆಯವನು. ಟ್ರಂಪೆಟ್ಟಿನಲ್ಲೇ ಖಾಸಗಿ ಬಸ್ಸಿನ ಹಾರನ್ನು ಊದಿ ರಸ್ತೆಯಲ್ಲಿ ಹೋಗುವವರನ್ನು ಬದಿಗೆ ಓಡಿಸುತ್ತಿದ್ದ. ಆರು ತಿಂಗಳಿಗೆ ಚಿಂತಾಮಣಿ ರಸ್ತೆಯಲ್ಲಿ ಅವನ ಬೈಕು ಲಾರಿಗೆ ಸಿಕ್ಕಿತು.

ಊರು ಸುಮ್ಮನಿರುತ್ತದೆಯೇ? ಆ ಟ್ರಂಪೆಟ್ಟು ಆಳನ್ನು ಬಲಿ ಕೇಳುತ್ತದೆ ಎಂದು ಮಾತು ಹುಟ್ಟಿತು. ಆ ಮನೆಯಲ್ಲಿ ಊದುವವರು ಯಾರೂ ಉಳಿದಿರಲಿಲ್ಲ, ಮುಂದಿನ ಸರದಿ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಅವತ್ತು ಬೆಳಗ್ಗೆ ಅಂಗಡಿಗೆ ಹೋದಾಗ ಜನ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವನ ಮಣ್ಣಿಗೆ ಹೊರಡುವ ಮುಂಚೆ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ನನ್ನ ತಾಳಿ ಮೇಲೆ ಆಣೆ. ಅದನ್ನ ಮುಟ್ಬೇಡ,” ಎಂದಳು.

ಅವಳು ಆಣೆ ಇಡದಿದ್ದರೂ ನಾನು ಮುಟ್ಟುತ್ತಿರಲಿಲ್ಲ. ಅವತ್ತು ಬಾರಿಸಿಕೊಂಡು ಹೋಗುವಾಗಲೇ ತುಟಿ ಒಣಗಿ ಊದಿದ್ದೆಲ್ಲ ಬರೀ ಗಾಳಿಯಾಗುತ್ತಿತ್ತು. ಕೆರೆ ಏರಿಯ ಕೆಳಗೆ ಮಣ್ಣು ಹಾಕಿ ಮುಗಿಯಿತು. ಮೇಷ್ಟ್ರು ಟ್ರಂಪೆಟ್ಟಿನ ಬಾಯಿ ಒರೆಸಿ ನನ್ನ ಕಡೆ ತಿರುಗಿ ಕೈ ಚಾಚಿದರು.

ನಾನು ನನ್ನ ಕಾಲ ಮೇಲಿನ ಕೆಮ್ಮಣ್ಣನ್ನು ನೋಡುತ್ತ ನಿಂತೆ. ಯಾರೋ ಕೆಮ್ಮಿದರು. ಮೇಷ್ಟ್ರ ಕೈ ಹಾಗೇ ಇತ್ತು. ನಾನು ಒಂದು ಹೆಜ್ಜೆ ಹಿಂದಕ್ಕೆ ಹೋದೆ, ಇನ್ನೊಂದು ಹೆಜ್ಜೆ ಹೋದೆ, ಕೊನೆಗೆ ದೊಡ್ಡ ಡ್ರಮ್ಮಿನವನ ಬೆನ್ನ ಹಿಂದೆ ನಿಂತುಕೊಂಡೆ. ಐವತ್ತರ ಹತ್ತಿರದ ಗಂಡಸು, ಇಡೀ ಕೇರಿಯ ಎದುರಿಗೆ.

“ಸರಿ, ಇದು ನಂಗೇ ಇರ್ಲಿ. ಬಹಳ ದಿನದಿಂದ ನಂಗೂ ಆಸೆ ಇತ್ತು,” ಎಂದರು ಮೇಷ್ಟ್ರು, ಎಲ್ಲರಿಗೂ ಕೇಳಿಸುವಂತೆ.

ಅವರಿಗೆ ಅಂಥ ಆಸೆ ಏನೂ ಇರಲಿಲ್ಲ. ಕ್ಲಾರಿನೆಟ್ಟಿಗೆ ಪಳಗಿದ ತುಟಿಗೆ ಟ್ರಂಪೆಟ್ಟು ಒಗ್ಗುವುದಿಲ್ಲ. ಕಟ್ಟಿಹಾಕಿದ ಎಮ್ಮೆ ಕರು ಒರಲಿದಂತೆ ಸದ್ದು ಬಂತು. ಯಾರೂ ನಗಲಿಲ್ಲ. ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯುದ್ದಕ್ಕೂ ಅವರು ಹಾಗೇ ಒರಲಿಸುತ್ತ ಮುಂದೆ ನಡೆದರು. ನಾವು ತಲೆ ತಗ್ಗಿಸಿಕೊಂಡು ಹಿಂದೆ ಬಂದೆವು.

ಮರುದಿನ ಬೆಳಗ್ಗೆ ಹೇಳಿಕಳಿಸಿದರು. ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದವರು, ತಾವೇ ಟೀ ಕಾಯಿಸಿ ಕೊಟ್ಟರು. ಲೋಟ ಕೊಡುವಾಗ ಟೀಯನ್ನು ನನ್ನ ಬೆರಳ ಮೇಲೆ ಚೆಲ್ಲಿದರು.

“ನಂಗೂ ಭಯ ಕಣಪ್ಪ. ಇವತ್ತು ಎದ್ದ ತಕ್ಷಣ ಎದೆ ಮುಟ್ಟಿ ನೋಡ್ಕೊಂಡೆ,” ಎಂದರು.

“ಮತ್ಯಾಕೆ ತಗೊಂಡ್ರಿ ಮೇಷ್ಟ್ರೇ?”

ಅವರು ಚೆಲ್ಲಿದ ಟೀಯನ್ನು ಟವೆಲಿನ ತುದಿಯಿಂದ ಒರೆಸಿದರು. “ನೀನು ಹಿಂದಕ್ಕೆ ಹೋದ್ಯಲ್ಲ, ಆಗ ನಂಗೆ ಜೀವ ಬಂದಂಗಾಯ್ತು. ಕೈ ಚಾಚಿದ್ದೆ, ನಿಜ. ಇವನು ತಗೊಳ್ದಿದ್ರೆ ಸಾಕಪ್ಪ ಅಂತಾನೇ ಒಳಗೆ ಇತ್ತು. ಅವರಿಬ್ಬರಿಗೂ ಕೊಟ್ಟಿದ್ದು ಇದೇ ಕೈಯಲ್ವಾ.”

ನನ್ನ ನಾಚಿಕೆ ಮರೆಸಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ಅಷ್ಟು ಒಳ್ಳೆಯವರು, ಅದಕ್ಕೆ ಹಾಗೆ ಅನ್ನಿಸಿತು. ಆ ವಿಷಯವನ್ನು ಮತ್ತೆ ಅವರು ಎತ್ತಲಿಲ್ಲ. ಸೆಟ್ಟಿನವರು ಯಾರಾದರೂ ನನ್ನನ್ನು ಚುಚ್ಚಲು ಹೊರಟರೆ, “ನಾನೇ ಕೊಡಲಿಲ್ಲ ಅವನಿಗೆ, ನಿಂಗೇನು?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆಮೇಲೆ ಏಳು ವರ್ಷ ಅವರು ಬದುಕಿದರು. ಆ ಏಳು ವರ್ಷವೂ ನಾನು ಹೆದರಿಕೊಂಡೇ ಇದ್ದೆ. ಟ್ರಂಪೆಟ್ಟಿನ ಬಟನ್ನುಗಳು ಹಿಡಿದುಕೊಳ್ಳಬಾರದು ಎಂದು ಮಂಗಳವಾರ ಮಂಗಳವಾರ ಹತ್ತು ನಿಮಿಷ ಅದನ್ನು ಊದುತ್ತಿದ್ದರು, ಅದೇ ಎಮ್ಮೆ ಕರುವಿನ ಸದ್ದು. ಒಂದು ಮಂಗಳವಾರ ಕೇಳಿಸದಿದ್ದರೆ ನಾನು ಯಾವುದೋ ನೆಪ ಮಾಡಿಕೊಂಡು ಅವರ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಇದ್ದರೆ ಇದ್ದಾರೆ ಎನ್ನಿಸುತ್ತಿತ್ತು. ಇದ್ದಾರೆ, ಆದರೆ ಹೇಗಿದ್ದಾರೆ ಎಂದು ಮತ್ತೆ ಭಯವಾಗುತ್ತಿತ್ತು. ಅವರಿಗೆ ನೆಗಡಿಯಾದರೆ ನನಗೆ ಊಟ ಸೇರುತ್ತಿರಲಿಲ್ಲ. ಕೊಡಿ ಮೇಷ್ಟ್ರೇ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಲು ಎಷ್ಟೋ ಸಲ ಹೋಗಿ, ಮಳೆ ಬೆಳೆ ಮಾತಾಡಿಕೊಂಡು ಬಂದಿದ್ದೇನೆ.

ನನ್ನ ಮಗ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಕೆಲಸ ಸಿಕ್ಕ ಮೇಲೆ ಅವನಾಗಿಯೇ ಹೋಗಿ ಮೇಷ್ಟ್ರ ಹತ್ತಿರ ಕ್ಲಾರಿನೆಟ್ಟು ಕಲಿತ. ನನ್ನ ಭಯ ಅವನಿಗೆ ತಮಾಷೆ. “ಒಬ್ರಿಗೆ ವಯಸ್ಸು, ಒಬ್ರಿಗೆ ಬಿ.ಪಿ., ಒಬ್ಬನ ತಲೆ ಮೇಲೆ ಹೆಲ್ಮೆಟ್ ಇರ್ಲಿಲ್ಲ. ಇದರಲ್ಲಿ ಟ್ರಂಪೆಟ್ ಎಲ್ಲಿ ಬಂತಪ್ಪಾ?” ಎನ್ನುತ್ತಿದ್ದ. ಅವನು ಹೇಳಿದ್ದು ಸರಿ ಎಂದು ನನಗೂ ಗೊತ್ತು. ಗೊತ್ತಿದ್ದರೆ ಭಯ ಹೋಗಬೇಕಲ್ಲ, ಅದು ಹೋಗುವುದಿಲ್ಲ.

ಈ ಬೇಸಿಗೆಯಲ್ಲಿ ಮೇಷ್ಟ್ರು ಸ್ನಾನ ಮಾಡಿ, ಜಗಲಿಯ ಮೇಲೆ ಬಿಸಿಲಿಗೆ ಕೂತವರು ಕೂತ ಹಾಗೇ ಹೋಗಿಬಿಟ್ಟರು. ಎಪ್ಪತ್ತಾರು ದಾಟಿತ್ತು. ಯಾರೂ ಟ್ರಂಪೆಟ್ಟಿನ ಮಾತೆತ್ತಲಿಲ್ಲ. ಚಟ್ಟದ ಮೇಲೆ ಅವರ ಒಂದು ಪಕ್ಕಕ್ಕೆ ಕ್ಲಾರಿನೆಟ್ಟು, ಇನ್ನೊಂದು ಪಕ್ಕಕ್ಕೆ ಟ್ರಂಪೆಟ್ಟು ಇಟ್ಟೆವು. ಸಾಲಿನ ಮುಂದೆ ಅವರ ಜಾಗ ಖಾಲಿ ಇತ್ತು. ಆ ಖಾಲಿ ಜಾಗವನ್ನು ನೋಡುತ್ತ ಊದುವುದು ನನಗೆ ಕಷ್ಟವಾಯಿತು.

ಮಣ್ಣು ಹಾಕಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಉಳಿದವರಲ್ಲಿ ನಾನೇ ಹಿರಿಯ, ವಾದ್ಯ ಕೊಡಬೇಕಾದವನು ನಾನು. ಟ್ರಂಪೆಟ್ಟನ್ನು ಎತ್ತಿ, ಯಾರ ಕಡೆಗೂ ಚಾಚದೆ, ನನ್ನ ಕಂಕುಳಲ್ಲೇ ಇಟ್ಟುಕೊಂಡೆ. ಏಳು ವರ್ಷ ತಡವಾಗಿ. ಆಮೇಲೆ ಕ್ಲಾರಿನೆಟ್ಟಿನ ಬಾಯಿ ಒರೆಸಿ ಕೈ ಚಾಚಿದೆ. ಅದರ ಬಗ್ಗೆ ನನಗೆ ಯಾವ ಭಯವೂ ಇರಲಿಲ್ಲ. ಅದಕ್ಕೆ ಕೆಟ್ಟ ಹೆಸರು ಇರಲಿಲ್ಲ, ಅದನ್ನು ಊದಿದವರು ತುಂಬು ಆಯಸ್ಸು ಕಂಡಿದ್ದರು.

ಮಗ ಮುಂದೆ ಬಂದು ಅದನ್ನು ಹಿಡಿದುಕೊಂಡ.

ನನ್ನ ಬೆರಳು ಸಡಿಲವಾಗಲಿಲ್ಲ. ಅವನು ಮೆಲ್ಲಗೆ ಎಳೆದ. ನಾನು ಬಿಡಲಿಲ್ಲ. ದೊಡ್ಡ ಡ್ರಮ್ಮಿನವನ ಹಿಂದೆ ಹೋಗಿ ನಿಂತುಕೋ ಮಗನೇ, ಯಾರೂ ಏನೂ ಅನ್ನುವುದಿಲ್ಲ ಎಂದು ಒಳಗೊಳಗೇ ಬೇಡಿಕೊಂಡೆ. ಮೇಷ್ಟ್ರು ಅವತ್ತು ಟೀ ಚೆಲ್ಲಿ ಹೇಳಿದ್ದು ಸಮಾಧಾನದ ಮಾತಾಗಿರಲಿಲ್ಲ ಎಂದು ಆಗ ತಿಳಿಯಿತು. ಮಕ್ಕಳಿಲ್ಲದ ಮನುಷ್ಯ, ನಮ್ಮಂಥವರ ಕಡೆಗೆ ಮತ್ತೆ ಮತ್ತೆ ಹೀಗೆ ಕೈ ಚಾಚಿ ನಿಂತಿದ್ದರು. ಈಗ ಗೊತ್ತಾಯ್ತು ಮೇಷ್ಟ್ರೇ ಎಂದು ಅವರಿಗೆ ಹೇಳಬೇಕು ಅನ್ನಿಸಿತು. ಅವರ ಮೇಲೆ ಆಗಲೇ ಮಣ್ಣು ಬಿದ್ದಿತ್ತು.

“ಅಪ್ಪಾ, ಬಿಡಪ್ಪ,” ಎಂದ ಮಗ, ಮೆಲ್ಲಗೆ.

ಬಿಟ್ಟೆ. ಅವನು ರೀಡನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡು ಊದುತ್ತ ಮುಂದೆ ನಡೆದ. ನಾನು ಟ್ರಂಪೆಟ್ಟು ಹಿಡಿದು ಅವನ ಹಿಂದೆ ನಡೆದೆ. ತೋಟಗಳನ್ನು ದಾಟುವವರೆಗೂ ನನ್ನಿಂದ ಒಂದು ಸ್ವರವೂ ಹೊರಡಲಿಲ್ಲ. ಮನೆಗೆ ಬಂದಾಗ ಹೆಂಡತಿ ಇಬ್ಬರ ಕೈಯನ್ನೂ ನೋಡಿದಳು. ಕಾಲಿಗೆ ನೀರು ತಂದಿಟ್ಟಳು.

ಈಗ ಮಗ ಕೆಲಸದಿಂದ ಬಂದು ಸಂಜೆ ಆರಕ್ಕೆ ಒಳಮನೆಯಲ್ಲಿ ಅಭ್ಯಾಸಕ್ಕೆ ಕೂರುತ್ತಾನೆ. ನಾನು ಹೊರಗೆ ಏನೋ ಕೆಲಸ ಮಾಡುತ್ತ ಇರುತ್ತೇನೆ. ರೀಡು ಸರಿಮಾಡಿಕೊಳ್ಳಲೋ, ನೀರು ಕುಡಿಯಲೋ ಅವನು ಮಧ್ಯದಲ್ಲಿ ನಿಲ್ಲಿಸಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅವನು ತಲೆ ಎತ್ತಿ ನೋಡುತ್ತಾನೆ.

“ಏನಪ್ಪಾ?”

“ಏನಿಲ್ಲ ಕಣಪ್ಪ,” ಎನ್ನುತ್ತೇನೆ. “ಊದು.”