ಹುಲ್ಲಿನ ಕೆಳಗಿನ ವೈರು

ನಮ್ಮತ್ತೆ ಸ್ಟೆಫಾನಿಯಾ ಕೆನಡಾದ ವಿನ್ನಿಪೆಗ್‌ನಲ್ಲಿ ಶಾಲಾ ಬಸ್ಸು ಓಡಿಸುತ್ತಾರೆ. ಮೂಗು ಮರಗಟ್ಟುವ ಚಳಿಯಲ್ಲೂ ಬಸ್ಸಿನ ಸುತ್ತ ಒಂದು ಸುತ್ತು ಬಂದು, ಪ್ರತಿ ದೀಪವನ್ನೂ ಮುಟ್ಟಿ ನೋಡಿಯೇ ಗಾಡಿ ಹೊರಡಿಸುವುದು. ಊರವರ ಮಕ್ಕಳ ವಿಷಯದಲ್ಲಿ ಅಷ್ಟು ಹುಷಾರು. ಮನೆಯ ಕರೆಂಟಿನ ವಿಷಯ ಬಂದರೆ ಮಾತ್ರ ಭಾರವೆಲ್ಲ ದೇವರ ಮೇಲೆ.

ಹಳೆಯ ಪಂಚಾಂಗದಂತೆ ಜನವರಿ ಆರರ ಸಂಜೆ ನಮ್ಮ ಉಕ್ರೇನಿನವರ ಕ್ರಿಸ್‌ಮಸ್ ಊಟ. ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಮೇಜಿನ ಬಟ್ಟೆಯಡಿ ಒಂದು ಹಿಡಿ ಒಣಹುಲ್ಲು, ಮೇಜಿನ ಕೆಳಗೆ ಒಂದು ಹೊರೆ. ಹುಲ್ಲು ಕಡಿಮೆಯಾದರೆ ಅತ್ತೆಗೆ ಹಬ್ಬ ಮಾಡಿದ ಹಾಗೇ ಅಲ್ಲ. ಆ ಹಳೆಯ ಮನೆಯ ಊಟದ ಕೋಣೆಗೆ ಇರುವುದೊಂದೇ ಪ್ಲಗ್ ಪಾಯಿಂಟು. ಅದರಿಂದ ತೆಳು ಎಕ್ಸ್‌ಟೆನ್ಷನ್ ವೈರು ಎಳೆದು, ಮೇಜಿನಡಿ ದಾಟಿಸಿ, ಆಚೆ ಗೋಡೆಯ ಬಳಿ ನಿಲ್ಲಿಸಿದ ಕ್ರಿಸ್‌ಮಸ್ ಮರದ ದೀಪಗಳ ಸೀರಿಯಲ್ ಸೆಟ್ಟಿಗೆ ಕೊಡುವುದು ರೂಢಿ. ಈ ಸಲ ಎಲೆಕೋಸಿನ ಸುರುಳಿಗಳನ್ನು ಬಿಸಿಯಾಗಿಡುವ ದೊಡ್ಡ ಕರೆಂಟ್ ಪಾತ್ರೆಯನ್ನೂ ಅದಕ್ಕೇ ಸಿಕ್ಕಿಸಿದರು. ಆಮೇಲೆ ವೈರಿನ ಮೇಲೆ ಹುಲ್ಲು ಹರವಿದರು.

"ಅತ್ತೆ, ಆ ವೈರು ಸೀರಿಯಲ್ ಸೆಟ್ಟಿಗಷ್ಟೇ ಸಾಕಾಗೋದು. ಪಾತ್ರೆ ಅಡುಗೆಮನೇಲೇ ಇರ್ಲಿ," ಎಂದೆ.

"ಊಟದ ನಡುವೆ ಎದ್ದುಹೋಗೋದು ನಮ್ಮಲ್ಲಿ ಶಾಸ್ತ್ರ ಅಲ್ಲ. ಎಲ್ಲಾ ಕೈಗೆ ಸಿಗೋ ಹಾಗಿರ್ಬೇಕು."

"ಹುಲ್ಲಿನ ಕೆಳಗೆ ವೈರು ಬಿಸಿ ಆದ್ರೆ?"

"ನೀನು ಈ ಮನೆಗೆ ಬರೋ ಮೊದ್ಲಿಂದ ಇದೆ ಕಣೇ ಅದು. ನಿನ್ನ ಹಾಗೆ ಒಂದಿನಾನೂ ಬಿಸಿ ಆಗಿಲ್ಲ."

ನನ್ನ ಗಂಡ ಬೊಹ್ದಾನ್ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪೈಕಿ ಇವರು. ಹಬ್ಬದ ದಿನ ಜಗಳ ಬೇಡವೆಂದು ತಟ್ಟೆ ಜೋಡಿಸತೊಡಗಿದೆ. ಗಳಿಗೆಗೊಮ್ಮೆ ಗಾಳಿ ಮೂಸುತ್ತಿದ್ದೆ. ಬೀಟ್‌ರೂಟ್ ಸಾರು, ಬೆಳ್ಳುಳ್ಳಿ, ಮೇಣದಬತ್ತಿಗಳ ಘಮದ ನಡುವೆ ಸುಟ್ಟ ವಾಸನೆ ಎಲ್ಲಿಂದ ತಿಳಿಯಬೇಕು?

ಕಿಟಕಿಯಲ್ಲಿ ಮೊದಲ ನಕ್ಷತ್ರ ಕಂಡಿತು, ಎಲ್ಲರೂ ಕೂತೆವು. ಈಗ ಮಕ್ಕಳು ಮೇಜಿನಡಿ ತೂರಿ, ಕೋಳಿಯ ಹಾಗೆ ಕೊಕ್ಕೊಕ್ಕೊ ಎನ್ನುತ್ತಾ ಹುಲ್ಲಿನಲ್ಲಿ ಬಚ್ಚಿಟ್ಟ ಅಕ್ರೋಟು ಹುಡುಕಬೇಕು. ವರ್ಷವಿಡೀ ಕೋಳಿಗಳು ಚೆನ್ನಾಗಿ ಮೊಟ್ಟೆಯಿಡಲೆಂದು. ನಮಗೆ ಕೋಳಿಯಿಲ್ಲ, ಶಾಸ್ತ್ರವಿದೆ. ನಾನು ಕೈ ಹಿಡಿಯುವಷ್ಟರಲ್ಲಿ ನನ್ನ ನಾಲ್ಕು ವರ್ಷದ ಮಗಳು ಲೆಸ್ಯಾ ಒಳಗೆ ನುಗ್ಗಿಬಿಟ್ಟಳು.

"ಲೆಸ್ಯಾ, ಹೊರಗೆ ಬಾ."

"ಬಿಡೇ ಡಾರ್ಕಾ, ಮಗು ಆಡ್ಕೊಳ್ಲಿ," ಎಂದರು ಅತ್ತೆ.

ಕೆಳಗೆ ಕೊಕ್ಕೊಕ್ಕೊ ನಿಂತಿತು.

"ಅಜ್ಜೀ, ಈ ಕಾಯಿ ಬಿಸಿ ಇದೆ."

ಅತ್ತೆ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅವರು ಪ್ಲಗ್ಗು ಕಿತ್ತರು, ನಾನು ಮಗುವಿನ ಕಾಲು ಹಿಡಿದು ಎಳೆದೆ. ಬೊಹ್ದಾನ್ ಹುಲ್ಲು ಸರಿಸಿದ. ವೈರಿನ ಹೊದಿಕೆ ಕರಗಿ ನೆಲಕ್ಕೆ ಅಂಟಿತ್ತು. ಸುತ್ತಲಿನ ಹುಲ್ಲು ಕಂದಿ, ಎಳೆಎಳೆಯಾಗಿ ಹೊಗೆ ಏಳುತ್ತಿತ್ತು. ಅವನು ಅಷ್ಟನ್ನೂ ಬಾಚಿ ಹೊರಗಿನ ಹಿಮಕ್ಕೆ ಎಸೆದು ಬಂದ.

ಅತ್ತೆ ಲೆಸ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ.

"ಬಡಿಸಮ್ಮಾ, ಸಾರು ಆರಿಹೋಗ್ತಿದೆ," ಎಂದ ಬೊಹ್ದಾನ್.

ಅತ್ತೆ ಏಳಲಿಲ್ಲ. ಸತ್ತವರಿಗೆಂದು ಆ ದಿನ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ; ನಮ್ಮಲ್ಲಿ ಅದು ತೀರಿಹೋದ ಮಾವನದು. ಅವರು ಅದನ್ನೇ ನೋಡುತ್ತಿದ್ದರು.

"ನಮ್ಮನೇಲಿ ಇಂಥ ತಟ್ಟೆ ಇದೊಂದೇ ಸಾಕು," ಎಂದರು.